ಹಗ್ಗ ಬೇಡವೆಂದವನ ಕಂಪ್ಯೂಟರ್

೧೯೮೮ರ ದೀಪಾವಳಿ ಮುಗಿದ ವಾರ ಗಡಿಯಾಚೆಯ ತಾಳವಾಡಿಗೆ ಒಂದು ಕಂಪ್ಯೂಟರ್ ಬಂತು. ಅದು ನನ್ನದಾಗಿರಲಿಲ್ಲ. ಸುದ್ದಿಯಲ್ಲಿ ಮುಖ್ಯವಾದದ್ದನ್ನು ಮೊದಲು ಹೇಳಬೇಕು. ಅದಕ್ಕೇ ಎರಡನ್ನೂ ಒಟ್ಟಿಗೆ ಹೇಳಿಬಿಟ್ಟೆ.

ಅದರ ಒಡೆಯ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ತಾಳವಾಡಿಯಲ್ಲಿ ಮಕ್ಕಳಿಗೆ ಟೈಪಿಂಗ್ ಕಲಿಸುತ್ತಾನೆ. ಪುಕ್ಕಟೆ ಕೊಟ್ಟದ್ದನ್ನು ಬೇಡವೆನ್ನುವವರು ಜಗತ್ತಿನಲ್ಲಿ ಇಬ್ಬರೇ: ಒಬ್ಬ ಸನ್ಯಾಸಿ, ಇನ್ನೊಬ್ಬ ಇವನು. ಸನ್ಯಾಸಿಯಾದರೂ ಬಾಳೆಹಣ್ಣು ಕೊಟ್ಟರೆ ತೆಗೆದುಕೊಳ್ಳುತ್ತಾನೆ! ಇವನು ಕೊಡೆ ಕೊಂಡರೆ ಹಿಡಿಗೆ ಸುತ್ತಿದ ಬಣ್ಣದ ಕಾಗದವನ್ನು ಅಂಗಡಿಯಲ್ಲೇ ಬಿಚ್ಚಿಕೊಟ್ಟು ಬರುತ್ತಾನೆ. ರೇಡಿಯೋ ತಂದ ದಿನ ಅದರೊಳಗೇ ಇದ್ದ ಸೆಲ್ಲುಗಳನ್ನು ಹಿಂತಿರುಗಿಸಿ, ಪಕ್ಕದ ಅಂಗಡಿಯಲ್ಲಿ ಅಂಥವೇ ಸೆಲ್ಲು ಕೊಂಡ.

ಇದಕ್ಕೆಲ್ಲ ದನದ ವ್ಯಾಪಾರ ಮೂಲ. ಆ ಕಡೆ ಹಸು ಮಾರುವವನು ಹಗ್ಗವನ್ನು ಬಿಚ್ಚಿ ತಾನೇ ಇಟ್ಟುಕೊಳ್ಳುತ್ತಾನೆ. ಹಗ್ಗವೂ ಹೋದರೆ ಕೊಟ್ಟಿಗೆಯ ಭಾಗ್ಯವೇ ಹೋದಂತೆ. ಕೊಳ್ಳುವವನು ತನ್ನ ಹಗ್ಗ ತರಬೇಕು. ಉಳಿದವರು ಈ ಪದ್ಧತಿಯನ್ನು ಹಸುವಿನ ಹತ್ತಿರವೇ ಬಿಟ್ಟರೆ, ಇವನು ಕೊಯಮತ್ತೂರಿನ ಕಂಪ್ಯೂಟರ್ ಅಂಗಡಿಗೂ ಒಯ್ದ. ಹೆಗಲ ಮೇಲೆ ನಿಜವಾದ ಹಗ್ಗವನ್ನೂ ಒಯ್ದ!

ಅಂಗಡಿಯವನು ಯಂತ್ರದೊಳಗೆ ಮೊದಲೇ ಹಾಕಿಟ್ಟ ಪ್ರೋಗ್ರಾಂಗಳನ್ನು ತಮಿಳಿನಲ್ಲಿ ಹಾಡಿಹೊಗಳಿದನಂತೆ. ಕಾಗದ ಬರೆಯಲು ಒಂದು, ಲೆಕ್ಕಕ್ಕೆ ಒಂದು, ಜೊತೆಗೆ ಚದುರಂಗ. ಷಡ್ಡಕ ಎಲ್ಲವನ್ನೂ ಸಮಾಧಾನವಾಗಿ ಕೇಳಿ, ಎಲ್ಲವನ್ನೂ ತೆಗೆದುಬಿಡಿ ಎಂದ. ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಂ ಒಂದನ್ನಾದರೂ ಬಿಡಿ, ಇಲ್ಲದಿದ್ದರೆ ಅದು ಏಳುವುದೇ ಇಲ್ಲ ಎಂದು ಅಂಗಡಿಯವನು ಕೈಮುಗಿದ ಮೇಲೆ ಒಪ್ಪಿದ. ಅದು ಮೂಗುದಾರ, ಹಸುವಿನ ಜೊತೆ ಬರಬಹುದು ಎಂಬುದು ಅವನ ತೀರ್ಪು.

ಹೀಗೆ ಬರಿದಾದ ಕಂಪ್ಯೂಟರ್ ಅವನದೇ ಹಗ್ಗ ಬಿಗಿಸಿಕೊಂಡು, ದಿಂಬಂ ಘಟ್ಟದ ತಿರುವುಗಳನ್ನು ಹತ್ತಿ ಊರಿಗೆ ಬಂತು. ಪರದೆಯ ಮೇಲೆ ಹಸಿರು ಗೆರೆಯೊಂದು ಮಿಣುಕುತ್ತಿತ್ತು, ಅಷ್ಟೇ. ಅದನ್ನು ನೋಡಲು ಹಾಸನೂರಿನಿಂದಲೂ ಜನ ಬಂದರು! ನನ್ನ ಹೆಂಡತಿಯೂ ಮೈಸೂರಿನಿಂದ ಹೋಗಿ ನೋಡಿಕೊಂಡು ಬಂದು, ಎಷ್ಟು ಚೆನ್ನಾಗಿ ಮಿಣುಕುತ್ತೆ ಗೊತ್ತಾ ಎಂದಳು. ನಾನು ಇಷ್ಟು ವರ್ಷ ಪತ್ರಿಕೆಗೆ ಬರೆದದ್ದರ ಬಗ್ಗೆ ಇಂಥ ಮಾತು ಬಂದದ್ದಿಲ್ಲ.

ನನ್ನ ಹೊಟ್ಟೆಕಿಚ್ಚಿಗೆ ಕಚೇರಿಯ ಕಾರಣವೂ ಇತ್ತು. ಯುಗಾದಿಯೊಳಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಕಲಿಯದವರಿಗೆ ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಜಾಗವಿಲ್ಲ ಎಂದು ಸಂಪಾದಕರು ಹೇಳಿದ್ದರು. ಕಚೇರಿಗೆ ಬರಬೇಕಾದ ಯಂತ್ರ ಮಾತ್ರ ಬಂದಿರಲಿಲ್ಲ. ನಾನೋ, ಎರಡು ಬೆರಳಿನ ಟೈಪಿಸ್ಟ್. ಕಲಿಯಬಹುದಾದ ಯಂತ್ರ ಷಡ್ಡಕನ ಮನೆಯಲ್ಲಿ, ಕೇಳಲಾರದ ಬಾಯಿ ನನ್ನಲ್ಲಿ. ಎಷ್ಟೆಂದರೂ ನಾನು ಹಿರಿಯ ಅಳಿಯನಲ್ಲವೇ?

ಸಂಕ್ರಾಂತಿಗೆ ಹೋದಾಗ ಕೇಳುವ ಬದಲು ವಾದ ಹೂಡಿದೆ. ಪ್ರೋಗ್ರಾಂಗಳನ್ನು ಮೊದಲೇ ಹಾಕಿಕೊಟ್ಟಿದ್ದರೆ ಅಂದೇ ಕೆಲಸ ಶುರುವಾಗುತ್ತದೆ. ಕೊಂಡ ಮನೆಯಲ್ಲಿ ಒಲೆ ಇದ್ದರೆ ಅಂದೇ ಅನ್ನ ಬೇಯುವುದಿಲ್ಲವೇ ಎಂದೆ.

"ಒಲೆ ಇರ್ಲಿ ಕಣಣ್ಣ," ಅಂದ. "ಅವ್ರ ಮನೆ ಬೂದಿ ನಂಗ್ಯಾಕೆ?"

ಒಪ್ಪಲು ಮನಸ್ಸಿಲ್ಲದಿದ್ದರೂ ಮಾತಿನಲ್ಲಿ ಹುರುಳಿತ್ತು. ಬೇಡದ್ದೆಲ್ಲ ಕೂತಿದ್ದರೆ ಬೇಕಾದದ್ದಕ್ಕೆ ಜಾಗವೆಲ್ಲಿ? ಆ ಖಾಲಿ ಜಾಗದಲ್ಲಿ ಅವನು ತನ್ನದೇ ಪ್ರೋಗ್ರಾಂ ಬರೆದಿದ್ದ. ಯಂತ್ರದ ಜೊತೆ ಕೊಟ್ಟ ಪುಸ್ತಕವನ್ನು ಹಿಂತಿರುಗಿಸಿದ್ದರಿಂದ, ಅದೇ ಪುಸ್ತಕವನ್ನು ಬೇರೆ ಕಡೆ ಕೊಂಡು ಓದಿದ್ದ! ಪ್ರೋಗ್ರಾಂ ಮಕ್ಕಳಿಗೆ ಟೈಪಿಂಗ್ ಕಲಿಸುತ್ತಿತ್ತು. ಸಾಲು ಸರಿಯಾದರೆ ಇಂಗ್ಲಿಷ್ ಅಕ್ಷರಗಳಲ್ಲಿ "ಭೇಷ್" ಎಂದು ಮೂಡುತ್ತಿತ್ತು. ತಪ್ಪಾದರೆ, "ಪರವಾಗಿಲ್ಲ, ಇನ್ನೊಂದ್ಸಲ". ಶಿಷ್ಯರು ಸರದಿಯಲ್ಲಿ ನಿಂತಿದ್ದರು. ನನಗೆ ಹಬ್ಬದೂಟ ಸೇರಲಿಲ್ಲ. ಬೂದಿಯಿಲ್ಲದ ಒಲೆ ಇಷ್ಟು ಉರಿಯುತ್ತದೆಂದು ಯಾರಿಗೆ ಗೊತ್ತಿತ್ತು!

ನನ್ನ ಡೆಸ್ಕಿನ ಸಂಕಟವನ್ನು ಹೆಂಡತಿ ತಂಗಿಗೆ ಹೇಳಿದಳು, ತಂಗಿ ಗಂಡನಿಗೆ ಹೇಳಿದಳು. ಮುಂದಿನ ವಾರ ಷಡ್ಡಕ ಮೈಸೂರಿನ ನಮ್ಮ ಬಾಗಿಲಲ್ಲಿ ಪೆಟ್ಟಿಗೆಗಳ ಸಮೇತ ನಿಂತಿದ್ದ. ಯಂತ್ರ ಇನ್ನು ನಿಮ್ಮದೇ ಎಂದ. ನಾನು ಬೇಡವೆಂದೆ. ಅದು ಅವನ ಮಾತು, ನನ್ನ ಬಾಯಿಗೆ ಸರಿಹೊಂದಲಿಲ್ಲ.

ಪೆಟ್ಟಿಗೆ ಬಿಚ್ಚಿದೆ. ಅವನ ನಿಯಮ ನೆನಪಾಗಿ ಹಗ್ಗವನ್ನು ಸುತ್ತಿ ಅವನ ಕೈಗೆ ಕೊಟ್ಟೆ. ಒಳಗಿರುವ ನಿನ್ನ ಪ್ರೋಗ್ರಾಮನ್ನೂ ತೆಗೆದುಕೊಂಡು ಹೋಗಯ್ಯ ಎಂದೆ. ಅವನು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದ. ಆಮೇಲೆ ನಮ್ಮ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ.

"ಅಗ್ಗಾನೂ ಇರ್ಲಿ," ಅಂದ. "ಮಡಗ್ಕಳಣ್ಣ."

ಯುಗಾದಿ ಕಳೆದಿದೆ. ನಾನು ಡೆಸ್ಕಿನಲ್ಲಿದ್ದೇನೆ. ಹಗ್ಗ ಮೊಳೆಯಲ್ಲಿದೆ. ತಾಳವಾಡಿಯಲ್ಲಿ ಮಕ್ಕಳು ಮತ್ತೆ ಹಳೆಯ ಟೈಪ್‌ರೈಟರುಗಳ ಮೇಲೆ ಕಲಿಯುತ್ತಿದ್ದಾರೆ. ತಪ್ಪಾದಾಗ "ಪರವಾಗಿಲ್ಲ, ಇನ್ನೊಂದ್ಸಲ" ಎಂದು ಈಗ ಅವನೇ ಹೇಳುತ್ತಾನೆಂದು ನಾದಿನಿ ತಿಳಿಸಿದ್ದಾಳೆ.