ಬಿಸಿಯಾಗದ ಪೆಟ್ಟಿಗೆಗಳು

ಎಂಬತ್ತರ ದಶಕದಲ್ಲಿ ಹೊನ್ನಾವರದಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಗಲ್ಫಿನಿಂದ ರಜೆಗೆ ಬಂದವರು ಮೈಕ್ರೋವೇವ್ ಓವನ್ ತರತೊಡಗಿದ ಮೇಲೆ ಅದರ ರಿಪೇರಿಗೂ ನನ್ನನ್ನೇ ಕರೆಯುತ್ತಿದ್ದರು; ಆಗಾಗ ಒಂದಲ್ಲ ಒಂದು ಫಜೀತಿ ಇದ್ದೇ ಇರುತ್ತಿತ್ತು. ಎಲ್ಲರ ದೂರೂ ಒಂದೇ: "ಲೈಟ್ ಉರೀತದೆ, ತಟ್ಟೆ ತಿರುಗ್ತದೆ, ಬಿಸಿ ಮಾತ್ರ ಆಗೂದಿಲ್ಲ."

ಮಂಕಿಯ ಇಡ್ಲಿ

ಮಂಕಿ ಊರಿನ ಒಬ್ಬ ಮನೆಯಾಕೆ ಇಡ್ಲಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು ಒಳಗಿಟ್ಟಿದ್ದರು.

"ಸ್ಟೀಲ್ ಇಡಬಾರದು ಅಕ್ಕಾ, ಶಾಖ ಒಳಗೆ ಹೋಗೂದಿಲ್ಲ. ಕಿಡಿ ಬೇರೆ ಹಾರ್ತದೆ. ಗಾಜಿನ ಪಾತ್ರೆ ಇಲ್ವಾ?"

"ಓವನ್ ಜೊತೆಗೇ ಬಂದದ್ದು ಶೋಕೇಸಿನಲ್ಲಿದೆ. ಅದು ನೆಂಟರು ಬಂದಾಗ ತೆಗೆಯೂದು."

ಒಲ್ಲದ ಮನಸ್ಸಿನಿಂದ ತೆಗೆದುಕೊಟ್ಟರು. ಇಡ್ಲಿ ಹಬೆಯಾಡುತ್ತಾ ಹೊರಬಂತು. ಆಕೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಹೇಳಿದರು: "ಆತು. ಇನ್ನು ದಿನಾ ನಾವೇ ನೆಂಟರು."

ಮಾಸ್ತರರ ರಾತ್ರಿ ಊಟ

ಕುಮಟಾದ ನಿವೃತ್ತ ಮಾಸ್ತರರಿಗೆ ಓವನ್ ತಂದುಕೊಟ್ಟವನು ಅಳಿಯ. ಮಧ್ಯಾಹ್ನ ಸಾರು ಕುದಿಯುತ್ತದೆ, ರಾತ್ರಿ ಉಗುರುಬೆಚ್ಚಗೂ ಆಗುವುದಿಲ್ಲ. ಕತ್ತಲಾದ ಮೇಲೆ ಮೀಟರ್ ಹಚ್ಚಿ ನೋಡಿದರೆ ವೋಲ್ಟೇಜ್ ತೀರಾ ಕಡಿಮೆ. ಹುಬ್ಬಳ್ಳಿಯಿಂದ ವೋಲ್ಟೇಜ್ ಏರಿಸುವ ಸ್ಟೆಬಿಲೈಜರ್ ತರಿಸಿ, ಒಂದು ಸಂಜೆ ಹೊತ್ತುಕೊಂಡು ಹೋದೆ. ಮಾಸ್ತರರು ಆಗಲೇ ಗೊರಕೆ ಹೊಡೆಯುತ್ತಿದ್ದರು.

"ಹುಷಾರಿಲ್ವಾ?" ಎಂದೆ.

ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಕರೆಂಟ್ ಚೆನ್ನಾಗಿರುವಾಗಲೇ ಉಣ್ಣಬೇಕು ಅಂತ ರಾತ್ರಿ ಊಟ ನಾಲ್ಕಕ್ಕೇ ಮುಗಿಸ್ತಾರೆ, ಆರಕ್ಕೆ ನಿದ್ದೆ. ಮದುವೆಯಾದ ಮೇಲೆ ಇದೇ ಮೊದಲು ನನಗೆ ಬೇಕಾದ ಸ್ಟೇಷನ್ ರೇಡಿಯೋದಲ್ಲಿ ಕೇಳ್ತಾ ಇದ್ದೇನೆ. ಆ ಸ್ಟೆಬಿಲೈಜರ್ ಡಬ್ಬ ಸ್ವಲ್ಪ ದಿನ ನಿಮ್ಮ ಅಂಗಡಿಯಲ್ಲೇ ಇರಲಿ."

ಭಟ್ಕಳದ ಅಮ್ಮ

ತಾಯಿ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುವುದನ್ನು ನೋಡಲಾರದೆ ಭಟ್ಕಳದ ಒಬ್ಬ ಮಗ ದುಬೈಯಿಂದ ಓವನ್ ಹೊತ್ತು ತಂದಿದ್ದ. ಅದು ಬಿಸಿಯಾಗುವುದಿಲ್ಲ, ಅವನ ರಜೆ ಮುಗಿಯುತ್ತಾ ಬಂದಿದೆ. ಮುಖ ಸಪ್ಪಗೆ ಮಾಡಿಕೊಂಡು ನನ್ನನ್ನು ಮನೆಗೆ ಕರೆದೊಯ್ದ.

ಬಿಚ್ಚಿ ನೋಡಿದೆ, ಎಲ್ಲ ಸರಿ ಇತ್ತು. "ನೀವು ಹೇಗೆ ಮಾಡ್ತೀರಿ, ತೋರಿಸಿ ಅಮ್ಮಾ" ಎಂದೆ.

ಆಕೆ ಮೀನುಸಾರು ಇಟ್ಟು, ಗುಂಡಿ ತಿರುಗಿಸಿ, ಮರುಕ್ಷಣವೇ ಬಾಗಿಲು ತೆಗೆದು ಬೆರಳಿಟ್ಟರು. "ನೋಡು, ತಣ್ಣಗೇ ಇದೆ." ಮತ್ತೆ ಮುಚ್ಚಿದರು, ಮತ್ತೆ ತೆಗೆದರು.

"ಬಾಗಿಲು ತೆಗೆದರೆ ನಿಂತುಹೋಗ್ತದೆ ಅಮ್ಮಾ. ಗಂಟೆ ಹೊಡೆಯುವ ತನಕ ಮುಟ್ಟಬಾರದು."

"ಒಳಗೆ ಎಂತ ಆಗ್ತಾ ಇದೆ ಅಂತ ನೋಡದೆ ಅಡುಗೆ ಮಾಡೂದು ಹೇಗೆ?"

ಆಕೆಯ ಕೈ ತಡೆಯಲು ಬೇರೆ ದಾರಿ ಕಾಣಲಿಲ್ಲ. ಗುಂಡಿ ತಿರುಗಿಸಿ, "ನಿಮ್ಮ ಮದುವೆ ಎಲ್ಲಿ ಆದದ್ದು ಅಮ್ಮಾ?" ಎಂದು ಕೇಳಿದೆ. ಆಕೆ ಸ್ಟೂಲಿನ ಮೇಲೆ ಕೂತೇಬಿಟ್ಟರು. ಮದುಮಗ ಹೊನ್ನಾವರದಿಂದ ದೋಣಿಯಲ್ಲಿ ಹೊರಟದ್ದು, ನಡುನೀರಿನಲ್ಲಿ ಹೊಸ ಶೇರ್ವಾನಿಯ ಮೇಲೆಯೇ ವಾಂತಿ ಮಾಡಿಕೊಂಡದ್ದು, ದಿಬ್ಬಣದವರು ಅದನ್ನು ಸಮುದ್ರದಲ್ಲಿ ತೊಳೆಯಲು ಹೋಗಿ ನೀರುಪಾಲು ಮಾಡಿದ್ದು ಎಲ್ಲ ಬಂತು.

ಟಣ್ ಎಂದಿತು. ಮಗ ಬಾಗಿಲು ತೆಗೆದ. ಸಾರು ಕೊತಕೊತ ಕುದಿಯುತ್ತಿತ್ತು. ಅವನ ಮುಖ ಅರಳಿತು.

ತಾಯಿ ಅತ್ತ ತಿರುಗಿಯೂ ನೋಡಲಿಲ್ಲ. "ಇನ್ನೊಂದು ಸಲ ಗುಂಡಿ ತಿರುಗಿಸು ಮಗಾ, ನಿಕಾಹ್ ಇನ್ನೂ ಆಗಲಿಲ್ಲ" ಎಂದರು.