ಬೆಳೆಯದ ಹುಲ್ಲಿನ ಕಟಾವು ಜಮಾ ಮಾಡದಿರುವ ಬಗ್ಗೆ

ಇಂದ,
ಕಚೇರಿಯ ಮಾಲಿ
(ಹುಲ್ಲುಹಾಸಿನ ಉಸ್ತುವಾರಿ, ಹನ್ನೊಂದು ವರ್ಷದಿಂದ),
ಮನೆ ನಂಬರ್ ಏಳು, ಸಿಬ್ಬಂದಿ ವಸತಿಗೃಹ,
ಕಚೇರಿಯ ಹಿಂಭಾಗ.

ಗೆ,
ಆಡಳಿತಾಧಿಕಾರಿಗಳು,
ಎರಡನೇ ಮಹಡಿ, ಹುಲ್ಲುಹಾಸಿನ ಕಡೆಗೆ ಕಿಟಕಿ ಇರುವ ಕೊಠಡಿ.

ವಿಷಯ: ಹದಿನಾಲ್ಕು ತಿಂಗಳ ಕಟಾವಿನ ಹುಲ್ಲು, ಸಾವಿರದ ಎಂಟುನೂರ ಇಪ್ಪತ್ತು ಕಿಲೋ, ಉಗ್ರಾಣಕ್ಕೆ ಸೇರದಿರುವುದಕ್ಕೆ ಕಾರಣ ತಿಳಿಸುವ ಬಗ್ಗೆ, ಹಾಗೂ ಹುಲ್ಲುಹಾಸನ್ನು ಬೇರೆ ಜಾಗಕ್ಕೆ ವರ್ಗ ಮಾಡಿಕೊಡುವ ಬಗ್ಗೆ.

ಉಲ್ಲೇಖ:
೧. ಕಾರಣ ಕೇಳಿ ತಾವು ಕೊಟ್ಟ ನೋಟಿಸು, ಕಳೆದ ಸೋಮವಾರದ್ದು.
೨. ಲೆಕ್ಕ ತಪಾಸಣಾಧಿಕಾರಿಗಳ ಆಕ್ಷೇಪಣೆ, ಪುಟ ನಲವತ್ತೊಂದು.
೩. ಅರ್ಜಿದಾರನ ಹೆಂಡತಿಯ ಮೌಖಿಕ ಆದೇಶ, ತಾರೀಕು ನೆನಪಿಲ್ಲ.

ಮಾನ್ಯರೇ,

ಮೇಲಿನ ವಿಷಯದಲ್ಲಿ ಅರ್ಜಿದಾರನು ತಿಳಿಯಪಡಿಸುವುದೇನೆಂದರೆ, ತಮ್ಮ ನೋಟಿಸನ್ನು ಅವನು ಮೂರು ಸಲ ಓದಿದ್ದಾನೆ. ಮೊದಲ ಸಲ ನಿಂತು, ಎರಡನೇ ಸಲ ಕೂತು. ಮೂರನೇ ಸಲ ಹೆಂಡತಿ ಓದಿದಳು, ಅವನು ಕೇಳಿಸಿಕೊಂಡ. ಕಚೇರಿಯ ಮುಂದಿನ ಹುಲ್ಲುಹಾಸನ್ನು ತಿಂಗಳಿಗೆ ಎರಡು ಬಾರಿಯಂತೆ ಇಪ್ಪತ್ತೆಂಟು ಬಾರಿ ಕತ್ತರಿಸಿದ್ದಾಗಿ ರಿಜಿಸ್ಟರಿನಲ್ಲಿದೆ. ಕತ್ತರಿಸಿದ ಹುಲ್ಲು ಒಂದು ಎಸಳೂ ಉಗ್ರಾಣಕ್ಕೆ ಬಂದಿಲ್ಲ. ಆದ ಕಾರಣ ಅರ್ಜಿದಾರನು ಅದನ್ನು ಕದ್ದಿದ್ದಾನೆಂದು ಏಕೆ ಭಾವಿಸಬಾರದು, ಏಳು ದಿನದೊಳಗೆ ಉತ್ತರಿಸದಿದ್ದರೆ ಹುಲ್ಲುಹಾಸಿನ ನೀರಿನ ಕೊಳವೆಗೆ ಬೀಗ ಹಾಕಿ ಅವನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ತಾವು ಕೇಳಿದ್ದೀರಿ.

ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ಅರ್ಜಿದಾರನಿಗಿಲ್ಲ. ಆದರೂ ಅವನನ್ನು ಹೆಚ್ಚು ಹೆದರಿಸಿರುವುದು ಬೀಗ. ಏಕೆಂಬುದು ಐದನೇ ಅಂಶದಲ್ಲಿ ಬರುತ್ತದೆ.

(ಅರ್ಜಿದಾರನು ಮೊದಲು ಎಲ್ಲ ಕಡೆ ‘ನಾನು’ ಎಂದೇ ಬರೆದಿದ್ದ. ಕಡತದಲ್ಲಿ ‘ನಾನು’ ಎನ್ನುವ ಯಾರೂ ಇರುವುದಿಲ್ಲವೆಂದು ಹೆಡ್ ಗುಮಾಸ್ತರು ಹೊಡೆದುಹಾಕಿದರು.)

೧. ಈ ಊರಿನಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ಬಿಸಿಲು. ಉಳಿದ ಮೂರು ತಿಂಗಳು ಬಿಸಿಲಿನ ಬಗ್ಗೆ ಮಾತು. ಅರ್ಜಿದಾರನು ಕೆಲಸಕ್ಕೆ ಸೇರಿದ ಮೇಲೆ ಕಚೇರಿಯ ಮುಂದೆ ನಿಜವಾದ ಹುಲ್ಲನ್ನು ಮೂರು ಬಾರಿ ಹಾಸಲಾಗಿದೆ, ಮೂರು ಬಾರಿಯೂ ಅದು ಸತ್ತಿದೆ. ಪ್ರತಿ ಸಲ ಲಾರಿಗಟ್ಟಲೆ ಕೆಂಪು ಮಣ್ಣು, ಗೊಬ್ಬರ, ಕಳೆ ಕೀಳುವವರ ಕೂಲಿ, ಕತ್ತರಿಸುವ ಯಂತ್ರದ ಪೆಟ್ರೋಲು, ಅಲಗು ಮಸೆಸಿದ ಖರ್ಚು, ನೆರಳಿಗೆ ಬಲೆ. ಆ ದುಡ್ಡಿನಲ್ಲಿ ಒಂದೊಂದು ಎಸಳಿಗೂ ಒಂದೊಂದು ಛತ್ರಿ ಕೊಡಿಸಬಹುದಿತ್ತು ಎಂದು ಕಚೇರಿಯ ಡ್ರೈವರ್ ಹೇಳುತ್ತಿದ್ದ. ಹುಲ್ಲು ಸತ್ತಾಗಲೆಲ್ಲ ಸಮಿತಿಯೊಂದು ಬಂದು ನೋಡಿ, ನೀರು ಹೆಚ್ಚಿಸಬೇಕೆಂದು ಬರೆದು ಹೋಗುತ್ತಿತ್ತು. ಹೀಗೆ ಹೆಚ್ಚುತ್ತಾ ಹುಲ್ಲಿನ ಪಾಲು ದಿನಕ್ಕೆ ಆರು ಸಾವಿರ ಲೀಟರಿಗೆ ಬಂದು ನಿಂತಿತು.

೨. ಹದಿನಾಲ್ಕು ತಿಂಗಳ ಹಿಂದೆ, ದೊಡ್ಡ ಸಾಹೇಬರು ಹೊಸ ಕಟ್ಟಡದ ರಿಬ್ಬನ್ ಕತ್ತರಿಸಲು ಬರುವ ಹಿಂದಿನ ದಿನ, ಹುಲ್ಲುಹಾಸು ಸುಟ್ಟ ಹಂಚಿನ ಬಣ್ಣದಲ್ಲಿತ್ತು. ಮಧ್ಯಾಹ್ನ ಹೆಡ್ ಗುಮಾಸ್ತರು ಗೂಡ್ಸ್ ಆಟೋದಲ್ಲಿ ಹದಿನೆಂಟು ಸುರುಳಿ ತಂದಿಳಿಸಿದರು. (ಎಲ್ಲದರ ಕೆಳಗೂ ಸಣ್ಣ ಅಕ್ಷರದಲ್ಲಿ ಏನಾದರೂ ಸೇರಿಸುವುದರಿಂದ ಸಿಬ್ಬಂದಿ ಇವರನ್ನು ಅಡಿಟಿಪ್ಪಣಿ ಎನ್ನುತ್ತಾರೆ. ಅವರಿಗೂ ಗೊತ್ತು.) ಅಂದಿನ ಮಾತುಕತೆ ಇದ್ದದ್ದು ಇದ್ದ ಹಾಗೆ:

“ಏನ್ ಸಾರ್ ಇದು?”

“ಹುಲ್ಲು.”

“ವಾಸನೆ ಬಕೆಟ್ ತರ ಬರ್ತಿದೆ ಸಾರ್.”

“ಮೂಸೋಕೆ ಕರ್ಸಿಲ್ಲ ನಿನ್ನ. ಚಾಪೆ ಹಾಸ್ದಂಗೆ ಹಾಸ್ಬಿಡು. ಅಂಚಿಗೆ ಮೊಳೆ ಹೊಡಿ.”

ಸದರಿ ವಸ್ತುವಿನ ಹೆಸರನ್ನು ಯಾವ ಕಾಗದದಲ್ಲೂ ಬರೆಯಕೂಡದೆಂದು ಹೆಡ್ ಗುಮಾಸ್ತರು ತಾಕೀತು ಮಾಡಿದ್ದಾರೆ. ಆದ್ದರಿಂದ ಅರ್ಜಿದಾರನು ಅದನ್ನು ಒಂದೇ ಒಂದು ಸಲ ಬರೆಯುತ್ತಾನೆ: ಪ್ಲಾಸ್ಟಿಕ್. ಇನ್ನು ಮುಂದೆ ಅದನ್ನು ‘ಸದರಿ ಹುಲ್ಲು’ ಎನ್ನಲಾಗುವುದು.

೩. ಆ ವರ್ಷದ ಮಂಜೂರಾತಿ ಗಿಡ ಮತ್ತು ಹುಲ್ಲಿನ ಖರೀದಿಗೆ ಮಾತ್ರ ಇತ್ತು, ಚಾಪೆಗೆ ಇರಲಿಲ್ಲ. ಕಾರಣ, ಬಿಲ್ಲಿನಲ್ಲಿ ‘ಜೀವಂತ ಹುಲ್ಲು, ಮೂರು ಸಾವಿರದ ಆರುನೂರು ಚದರ ಅಡಿ’ ಎಂದು ಬರೆಸಲಾಯಿತು. ‘ಜೀವಂತವಾಗಿರುವುದನ್ನು ಖುದ್ದು ನೋಡಿರುತ್ತೇನೆ’ ಎಂದು ಅದರ ಮೇಲೆ ಸಹಿ ಮಾಡಿದವರು ತಾವೇ. ತಾವು ಕಿಟಕಿಯಿಂದ ನೋಡಿದ್ದಿರಿ. ಕಿಟಕಿಯಿಂದ ಅದು ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಅಂದಿನಿಂದ ಕಡತದಲ್ಲಿ ಸದರಿ ಹುಲ್ಲಿಗೆ ಜೀವ ಬಂದಿದೆ. ಜೀವ ಬಂದ ಮೇಲೆ ಅದಕ್ಕೆ ನೀರು, ಗೊಬ್ಬರ, ಕಟಾವು ಮತ್ತು ಒಬ್ಬ ಮಾಲಿ ಬೇಕಾದರು.

೪. ಅರ್ಜಿದಾರನು ನಿಯಮದ ಪ್ರಕಾರವೇ ನಡೆದುಕೊಂಡಿದ್ದಾನೆ. ಮೊದಲ ತಿಂಗಳು ಗೊಬ್ಬರ ಎರಚಿದ. ಒಂಬತ್ತು ದಿನ ಅದು ಬಿದ್ದಲ್ಲೇ ಬೆಳ್ಳಗೆ ಕೂತಿದ್ದು, ಹತ್ತನೇ ದಿನದ ಗಾಳಿಗೆ ತಮ್ಮ ಕಾರಿನ ಮೇಲೆ ಹೋಯಿತು. ಅಂದು ಕಾರು ತೊಳೆದವನೂ ಅರ್ಜಿದಾರನೇ. ಹದಿನೈದನೇ ದಿನ ಕಟಾವಿನ ಯಂತ್ರ ಓಡಿಸಲಾಗಿ ಅಲಗು ತಟ್ಟೆಯಗಲದ ಒಂದು ತುಂಡನ್ನು ಕಿತ್ತುಕೊಂಡು, ಕೆಮ್ಮಿ, ನಿಂತುಬಿಟ್ಟಿತು. ಅಲ್ಲಿಂದಾಚೆಗೆ ಅರ್ಜಿದಾರನು ಅಲಗು ಬಿಚ್ಚಿಟ್ಟು ಬರೀ ಯಂತ್ರ ಓಡಿಸುತ್ತಾನೆ. ಸದ್ದು ಬರುತ್ತದೆ. ಎರಡನೇ ಮಹಡಿಗೆ ಸದ್ದು ಸಾಕು. ರಿಜಿಸ್ಟರಿನಲ್ಲಿ ‘ಕತ್ತರಿಸುವ ಮುನ್ನ ಎತ್ತರ ಎರಡು ಇಂಚು, ಕತ್ತರಿಸಿದ ನಂತರ ಎರಡು ಇಂಚು’ ಎಂದು ಬರೆದಿರುವುದು ಸುಳ್ಳಲ್ಲ. ಅವನು ಪ್ರತಿ ಸಲವೂ ಸ್ಕೇಲಿಟ್ಟು ಅಳೆದಿದ್ದಾನೆ.

ಬೇಸಿಗೆಯಲ್ಲಿ ಸದರಿ ಹುಲ್ಲಿನ ಮೇಲೆ ಚಪ್ಪಲಿಯ ಅಟ್ಟೆ ಮೆತ್ತಗಾಗುತ್ತದೆ. ಒಮ್ಮೆ ಹಸಿರು ಕಂಡು ಆಸೆಯಿಂದ ಬಂದು ಮಲಗಿದ ನಾಯಿಯೊಂದು ತಕ್ಷಣ ಎದ್ದು, ಅರ್ಜಿದಾರನನ್ನು ಒಂದು ಥರ ನೋಡಿ, ಹೋಯಿತು.

೫. ನೀರಿನ ವಿಷಯ. ಹಿಂಭಾಗದ ವಸತಿಗೃಹದಲ್ಲಿ ಹತ್ತೊಂಬತ್ತು ಮನೆಗಳಿದ್ದು, ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ ನೀರು ಬರುತ್ತದೆ. ಮುಂಭಾಗದ ಸದರಿ ಹುಲ್ಲಿಗೆ ದಿನಾ ಬೆಳಿಗ್ಗೆ ಆರಕ್ಕೆ ಆರು ಸಾವಿರ ಲೀಟರು. ಒಂದು ದಿನ ಊಟದ ಡಬ್ಬಿ ಕೊಡಲು ಬಂದ ಹೆಂಡತಿ, ಅರ್ಜಿದಾರನು ಪೈಪು ಹಿಡಿದು ನಿಂತಿದ್ದನ್ನೂ ಹುಲ್ಲಿನಿಂದ ಹಬೆ ಏಳುತ್ತಿದ್ದನ್ನೂ ನೋಡಿ ಡಬ್ಬಿ ಕೆಳಗಿಟ್ಟಳು.

“ಏನ್ರೀ, ಬೆಳಿಗ್ಗೆ ಸಾಲ್ದು ಅಂತ ಮಧ್ಯಾಹ್ನಾನೂ ಕುಡಿಸ್ತಿದೀರ ಇದಕ್ಕೆ?”

“ಉಳಿದಿತ್ತು ಕಣೇ. ಆರು ಸಾವ್ರ ಮುಗಿಸ್ಬೇಕಲ್ಲ, ರಿಜಿಸ್ಟರ್ ಇದೆ.”

“ಮನೇಲಿ ಮಗು ಬಟ್ಟೆ ಮೂರ್ ದಿನದಿಂದ ನೆನೆಹಾಕೋಕೂ ನೀರಿಲ್ಲ. ಇಲ್ಲಿ ನಿಂತ್ಕೊಂಡು ಚಾಪೆಗೆ ಸ್ನಾನ ಮಾಡಿಸ್ತಿದೀರ.”

“ಮೆಲ್ಲಗೆ. ಹಂಗನ್ಬಾರ್ದು ಅದನ್ನ.”

“ಸರಿ, ಇಲ್ಲಿ ಬರೀರಿ, ಅಲ್ಲಿ ಬಿಡಿ. ಬರೆಯೋ ಕೈನೇ ಬೇರೆ, ಪೈಪ್ ಹಿಡಿಯೋ ಕೈನೇ ಬೇರೆ ತಾನೇ?”

ಇದೇ ಉಲ್ಲೇಖ ಮೂರರ ಆದೇಶ. ಅರ್ಜಿದಾರನು ತನ್ನ ಸೇವಾವಧಿಯಲ್ಲಿ ಇಷ್ಟು ಸ್ಪಷ್ಟವಾದ ಆದೇಶವನ್ನು ಬೇರೆ ಯಾರಿಂದಲೂ ಪಡೆದಿಲ್ಲ.

೬. ಹಿಂಭಾಗದ ವಸತಿಗೃಹ ಮುಟ್ಟಲು ಪೈಪು ಅರುವತ್ತು ಅಡಿ ಕಡಿಮೆ ಬಿತ್ತು. ಹತ್ತೊಂಬತ್ತು ಮನೆಯವರೂ ತಮ್ಮಲ್ಲಿದ್ದ ತುಂಡುಗಳನ್ನು ತಂದು, ಸೈಕಲ್ ಟ್ಯೂಬ್ ಸುತ್ತಿ ಜೋಡಿಸಿದರು. ನೀಲಿ, ಹಳದಿ, ಒಂದು ಗ್ಯಾಸ್ ಒಲೆಯದ್ದು. ಮಾರನೇ ದಿನ ಎಂಟನೇ ಮನೆಯ ಅಜ್ಜಿ ಎರಡು ತಿಂಗಳ ಮೇಲೆ ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗುವವರೆಗೂ ಬಾಗಿಲಲ್ಲಿ ಕೂತು, ಹೋಗಿ ಬರುವವರಿಗೆಲ್ಲ ತಲೆ ಮುಟ್ಟಿ ನೋಡಲು ಹೇಳಿದರು. ಹದಿಮೂರು ತಿಂಗಳಿಂದ ಹುಲ್ಲಿನ ನೀರು ಹೀಗೆ ಖರ್ಚಾಗಿದೆ. ಈ ಅವಧಿಯಲ್ಲಿ ಸದರಿ ಹುಲ್ಲಿನ ಆರೋಗ್ಯದಲ್ಲಿ ಯಾವ ವ್ಯತ್ಯಾಸವೂ ಕಂಡುಬಂದಿಲ್ಲ.

೭. ನೋಟಿಸಿಗೆ ನಾಲ್ಕು ದಿನ ಮುಂಚೆ ಲೆಕ್ಕ ತಪಾಸಣಾಧಿಕಾರಿಗಳು ಬಂದರು. ಒಂದು ಕಟಾವಿಗೆ ಅರುವತ್ತೈದು ಕಿಲೋ ಎಂದು ಅಂದಾಜು ಹಾಕಿ, ಇಪ್ಪತ್ತೆಂಟರಿಂದ ಗುಣಿಸಿ, ಕಾಣೆಯಾದ ಹುಲ್ಲನ್ನು ಪತ್ತೆ ಹಚ್ಚಿದರು. ಬಳಿಕ ತಾವೂ ಅವರೂ ಸ್ಥಳಕ್ಕೆ ಇಳಿದು ಬಂದಿರಿ. ಅವರು ಬಗ್ಗಿ ಒಂದು ಎಸಳನ್ನು ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಮೊಳೆ ಸಮೇತ ಅಂಚು ಮೇಲೆದ್ದಿತು.

“ಬೇರು ಗಟ್ಟಿಯಾಗಿದೆ,” ಎಂದರು ಅವರು.

“ಮಣ್ಣು ಒಳ್ಳೇದು,” ಎಂದಿರಿ ತಾವು.

ಅವರು ‘ಬೇರು ಉತ್ತಮ’ ಎಂದು ಬರೆದುಕೊಂಡರು. ಅರ್ಜಿದಾರನು ಅಂಚನ್ನು ಕಾಲಿನಿಂದ ಮೆಟ್ಟಿ ಕೂರಿಸಿದ. ಮೂವರೂ ಬೇರೆ ಬೇರೆ ದಿಕ್ಕು ನೋಡಿದಿರಿ.

೮. ನೋಟಿಸು ಬಂದ ಮೇಲೆ ಅರ್ಜಿದಾರನು ಹೆಡ್ ಗುಮಾಸ್ತರ ಮೇಜಿಗೆ ಹೋದ.

“ಸಾರ್, ಆ ಪದ ಬರ್ದುಬಿಡ್ತೀನಿ. ಬೆಳ್ಯೋದೇ ಇಲ್ಲ ಅಂದ್ಮೇಲೆ ನಾನೆಲ್ಲಿಂದ ಕದೀಲಿ?”

“ಬರಿ. ಆಮೇಲೆ ಅದಕ್ಕೆ ನೀರ್ಯಾಕೆ? ನೀನ್ಯಾಕೆ? ಆ ಬಿಲ್ ಹೆಂಗೆ ಪಾಸಾಯ್ತು? ಸಾಹೇಬ್ರು ಏನ್ ನೋಡಿ ಸಹಿ ಹಾಕಿದ್ರು? ನಾಲ್ಕು ಪ್ರಶ್ನೆ ಬರುತ್ತೆ. ನಾಲ್ಕಕ್ಕೂ ನಿನ್ ಹತ್ರ ಉತ್ರ ಇದ್ಯಾ?”

“ಮತ್ತೇನ್ ಮಾಡ್ಲಿ?”

“ಕದ್ದೆ ಅಂತ ಒಪ್ಕೊ.”

“ಸಾರ್?”

“ನೀನು ಕದ್ರೆ ಅದು ಬೆಳೆದಿತ್ತು ಅಂತಾಯ್ತು. ಎಲ್ಲಾರ್ಗೂ ಒಳ್ಳೇದು. ನಿಂಗೊಬ್ಬಂಗೆ ಸ್ವಲ್ಪ ತೊಂದ್ರೆ, ಅಷ್ಟೇ.”

“ಕದ್ದು ಏನ್ ಮಾಡ್ದೆ ಅಂದ್ರೆ? ನನ್ ಹತ್ರ ಹಸು ಇಲ್ಲ, ಮೇಕೆ ಇಲ್ಲ. ಮನೇಲಿರೋದು ನಾವ್ ಮೂರ್ ಜನ. ನಾವೇ ತಿಂದ್ವಿ ಅಂತ ಬರೀಲಾ?”

ಹೆಡ್ ಗುಮಾಸ್ತರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. “ಬರೀಬಹುದು,” ಎಂದರು.

ಅರ್ಜಿದಾರನು ಹಾಗೆ ಬರೆದೂ ಇದ್ದ. ಹೆಂಡತಿ ಓದಿ, ಹರಿದು ಒಲೆ ಹಚ್ಚಿದಳು.

೯. ಬೇರೆ ದಾರಿ ಕಾಣದೆ, ಹೇಗಿದ್ದರೂ ಕೊಳವೆಗೆ ಬೀಗ ಬೀಳುತ್ತದೆಂದು, ಅರ್ಜಿದಾರನು ಮೊನ್ನೆ ಮಧ್ಯಾಹ್ನ ಪೈಪು ಸುತ್ತಿಡಲು ವಸತಿಗೃಹದ ಹಿಂದಕ್ಕೆ ಹೋದ. ಹತ್ತೊಂಬತ್ತು ಬಚ್ಚಲಿನ ನೀರು ಹರಿದು ಸೇರುವ ಬಯಲು ಅದು. ಕಸ ಎಸೆಯಲು ಬಿಟ್ಟರೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಹೋಗಿ ನೋಡಿದರೆ ಅಲ್ಲಿ ಮೊಣಕಾಲೆತ್ತರ ಹುಲ್ಲು ನಿಂತಿತ್ತು. ಯಾರೂ ನೆಟ್ಟಿದ್ದಲ್ಲ, ಯಾರೂ ಮಂಜೂರು ಮಾಡಿದ್ದಲ್ಲ. ಗಾಳಿ ಬಂದಾಗ ಅಲ್ಲಾಡುತ್ತಿತ್ತು. ಅರ್ಜಿದಾರನು ಎಸಳೊಂದನ್ನು ಹಿಡಿದೆಳೆದ, ಅದು ಬೇರು ಮಣ್ಣು ಸಮೇತ ಕೈಗೆ ಬಂತು.

“ಏನ್ರೀ ಹಂಗ್ ನೋಡ್ತಿದೀರ? ಹುಲ್ಲು ಕಣ್ರೀ,” ಎಂದಳು ಹಿಂದೆಯೇ ಬಂದ ಹೆಂಡತಿ.

“ಗೊತ್ತು ಕಣೇ. ನಿಜವಾದ್ದು.”

“ಈ ಕಡೆ ಇರೋದೆಲ್ಲಾ ನಿಜವಾದ್ದೇ. ಆ ಕಡೆ ಹೋಗಿ ಹೋಗಿ ನಿಮ್ಗೆ ಮರ್ತೋಗಿದೆ.”

ಅರ್ಜಿದಾರನು ಹೋಗಿ, ಅಲಗು ಹುಡುಕಿ, ಮಸೆದು, ಹದಿಮೂರೂವರೆ ತಿಂಗಳ ಮೇಲೆ ಯಂತ್ರಕ್ಕೆ ಹಾಕಿದ. ಕಾಲು ಭಾಗ ಕತ್ತರಿಸುವಷ್ಟರಲ್ಲಿ ನಲವತ್ತಮೂರು ಕಿಲೋ ಆಯಿತು. ಉಗ್ರಾಣಕ್ಕೆ ಹೊತ್ತುಕೊಂಡು ಹೋದರೆ, ಹುಲ್ಲು ಇಡಲು ತಮ್ಮಲ್ಲಿ ಜಾಗವಿಲ್ಲ, ಇಷ್ಟು ವರ್ಷದಲ್ಲಿ ಯಾರೂ ತಂದಿಲ್ಲ ಎಂದು ಉಗ್ರಾಣದವರು ಬಾಗಿಲು ಹಾಕಿಕೊಂಡರು. ಹೊರೆ ಈಗ ಉಗ್ರಾಣದ ಮೆಟ್ಟಿಲ ಮೇಲಿದೆ.

ಆದ್ದರಿಂದ, ಈ ಮೇಲ್ಕಂಡ ಕಾರಣಗಳಿಂದ, ಅರ್ಜಿದಾರನು ಕೋರುವುದೇನೆಂದರೆ:

(ಅ) ಕಡತದಲ್ಲಿರುವ ಹುಲ್ಲುಹಾಸನ್ನು ಕಚೇರಿಯ ಮುಂಭಾಗದಿಂದ ವಸತಿಗೃಹದ ಹಿಂಭಾಗಕ್ಕೆ ವರ್ಗ ಮಾಡಬೇಕು. ಮುಂಭಾಗದಲ್ಲಿ ಉಳಿಯುವ ವಸ್ತುವಿಗೆ ತಮಗೆ ತೋಚಿದ ಹೆಸರಿಡಬಹುದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಅದನ್ನು ಅರ್ಜಿದಾರನೇ ಮಾಡುತ್ತಾನೆ.

(ಆ) ಹುಲ್ಲಿನ ಆರು ಸಾವಿರ ಲೀಟರು ನೀರು ಹತ್ತೊಂಬತ್ತು ಮನೆಗಳ ಬಚ್ಚಲಿನ ಮೂಲಕವೇ ಹುಲ್ಲನ್ನು ತಲುಪಲು ಅನುಮತಿಸಬೇಕು. ಈ ಊರಿನಲ್ಲಿ ಹುಲ್ಲು ಬದುಕಿರುವುದು ಇದೊಂದೇ ವಿಧಾನದಲ್ಲಿ. ದಾರಿಯಲ್ಲಿ ಆ ನೀರಿನಿಂದ ಯಾರಾದರೂ ಸ್ನಾನ ಮಾಡಿದ್ದು, ಪಾತ್ರೆ ತೊಳೆದದ್ದು ಅಥವಾ ಕುಡಿದದ್ದು ಕಂಡುಬಂದಲ್ಲಿ ಅದನ್ನು ಸಾಗಾಣಿಕೆಯಲ್ಲಾದ ನಷ್ಟವೆಂದು ತೋರಿಸಬಹುದು.

(ಇ) ಸಾವಿರದ ಎಂಟುನೂರ ಇಪ್ಪತ್ತು ಕಿಲೋ ಹುಲ್ಲನ್ನು ಅದು ಬೆಳೆದ ಹಾಗೆಲ್ಲ ಜಮಾ ಮಾಡಲು ಕಾಲಾವಕಾಶ ಕೊಡಬೇಕು. ಕಾರಣ, ಅರ್ಜಿದಾರನು ಕದ್ದಿಲ್ಲ. ಆದರೂ ತರುತ್ತಾನೆ.

ತಮ್ಮ ವಿಶ್ವಾಸಿ,
ನೋಟಿಸು ಬಂದ ಮೇಲೂ,

(ಸಹಿ)
ಮಾಲಿ

ಲಗತ್ತುಗಳು:
೧. ಹುಲ್ಲು, ಒಂದು ಹಿಡಿ, ಹಸಿ. ಕಡತದ ದಾರಕ್ಕೆ ಕಟ್ಟಿದೆ. ತಡವಾಗಿ ಓದಿದರೆ ಒಣಗಿರುತ್ತದೆ, ಅದಕ್ಕೆ ಅರ್ಜಿದಾರನು ಹೊಣೆಯಲ್ಲ.
೨. ಹತ್ತೊಂಬತ್ತು ಮನೆಯವರ ಸಹಿ. ಇವುಗಳಲ್ಲಿ ನಾಲ್ಕು ಹೆಬ್ಬೆಟ್ಟು. ಎಂಟನೇ ಮನೆಯ ಅಜ್ಜಿಯವರು ಎರಡು ಕಡೆ ಒತ್ತಿದ್ದಾರೆ, ಒಂದನ್ನು ಬಿಟ್ಟು ಲೆಕ್ಕ ಹಾಕುವುದು.
೩. ‘ಜೀವಂತವಾಗಿರುವುದನ್ನು ಖುದ್ದು ನೋಡಿರುತ್ತೇನೆ’ ಎಂಬ ತಮ್ಮ ಸಹಿಯುಳ್ಳ ಕಾಗದದ ಜೆರಾಕ್ಸ್. ಮೂಲಪ್ರತಿ ಅರ್ಜಿದಾರನ ಹೆಂಡತಿಯ ಬಳಿ ಜೋಪಾನವಾಗಿದೆ.

ವಿಶೇಷ ಸೂಚನೆ: ನೋಟಿಸಿನ ಏಳನೇ ದಿನ ಇವತ್ತಿಗೆ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಆರಕ್ಕೆ ನೀರು ಬರುತ್ತದೆ. ಪೈಪನ್ನು ಯಾವ ಕಡೆ ತಿರುಗಿಸಬೇಕೆಂದು ಅಷ್ಟರೊಳಗೆ ಲಿಖಿತವಾಗಿ ಅಪ್ಪಣೆ ಕೊಡಿಸಬೇಕು. ಅಪ್ಪಣೆ ಬಾರದಿದ್ದಲ್ಲಿ, ಹುಲ್ಲು ಬೆಳೆಯುತ್ತಿರುವ ಕಡೆಗೆ ತಿರುಗಿಸಲಾಗುವುದು.