ಎರಡು ಗೆರೆಗಳ ನಡುವಿನ ಚೌಕಾಸಿ

ಅಂಗಡಿಯವನು ಹೇಳಿದ ಮೊದಲ ದರಕ್ಕೇ ಸಾಮಾನು ಕೊಳ್ಳುವವರನ್ನು ಕಂಡರೆ ನನಗೆ ಇವತ್ತಿಗೂ ಕನಿಕರ. ಯಾರು ಏನೇ ಕೇಳಲಿ, ಅದರಲ್ಲಿ ಅರ್ಧ ಮಾತ್ರ ನಿಜವಾದ ಅಗತ್ಯ, ಉಳಿದರ್ಧ ಇಳಿಸಲೆಂದೇ ಸೇರಿಸಿದ ಹೊಟ್ಟು. ಅಬಿಡ್ಸ್ ಪೇಟೆಯ ಅಂಗಡಿಗಳಲ್ಲಿ ಕಲಿತ ಈ ವಿದ್ಯೆಯ ಮೇಲೆಯೇ ನಾಚಾರಂನಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ ನಿಂತಿದೆ. ಅಲ್ಲಿ ಮೈಕ್ರೋವೇವ್ ಆಂಪ್ಲಿಫೈಯರ್ ಮಾಡುತ್ತೇವೆ. ಹಾಗೆಂದ ಕೂಡಲೇ ನೆಂಟರು ಚಪಾತಿ ಬಿಸಿ ಮಾಡಲು ತಮಗೂ ಒಂದಿರಲಿ ಎನ್ನುತ್ತಾರೆ. ಇದು ಅದಲ್ಲ, ರೇಡಾರಿನೊಳಗೆ ಕೂತು ಸಣ್ಣ ಸಂಕೇತವನ್ನು ದೊಡ್ಡದು ಮಾಡುವ, ಅಂಗೈಯಲ್ಲಿ ಹಿಡಿಯುವ ಲೋಹದ ಡಬ್ಬಿ.

ಇದರ ವಿನ್ಯಾಸ ಮಾಡುವವಳು ಸುಮಾ, ಬಾಗಲಕೋಟೆಯ ನನ್ನ ಗೆಳೆಯನ ಮಗಳು. ಜಾಣೆ, ಆದರೆ ವ್ಯಾಪಾರ ತಿಳಿಯದವಳು ಎಂದುಕೊಂಡಿದ್ದೆ. ಡಬ್ಬಿಯೊಳಗೆ ಸಂಕೇತ ಒಳಬರುವ ತಾಮ್ರದ ಗೆರೆಗೂ ಹೊರಹೋಗುವ ಗೆರೆಗೂ ನಡುವೆ "ಆರು ಮಿಲಿಮೀಟರ್ ಬೇಕ್ರಿ ಕಾಕಾ" ಎಂದಳು.

"ಎರಡು ತಗೋ."

"ಇದು ಕಾಯಿಪಲ್ಯ ಅಲ್ರಿ ಕಾಕಾ! ಗೆರಿ ಮುಟ್ಟದಿದ್ರೂ ಅಲೆ ಹಾರತೈತಿ. ಮೈಕಿನ ಮುಂದ ಸ್ಪೀಕರ್ ಇಟ್ರ ಕುಂಯ್ ಅಂತೈತಲ್ಲ, ಹಂಗ ಆಗತೈತಿ."

"ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಮೂರಕ್ಕ ಮುಗಸು."

ಜಾಗ ಕಡಿಮೆಯಾದರೆ ಡಬ್ಬಿ ಚಿಕ್ಕದಾಗುತ್ತದೆ, ಗಿರಾಕಿ ಮೆಚ್ಚುತ್ತಾನೆ. ಇಷ್ಟು ಸರಳ ಲೆಕ್ಕ ಕಾಲೇಜಿನಲ್ಲಿ ಯಾಕೆ ಕಲಿಸುವುದಿಲ್ಲವೋ! ನಮೂನೆ ತಯಾರಾಯಿತು, ಚೆನ್ನಾಗಿಯೇ ನಡೆಯಿತು. ಮುಚ್ಚಳಗಳು ಮಾತ್ರ ಪಾಲಿಶಿಗೆ ಹೋಗಿದ್ದವು. ಅವು ಬಂದದ್ದು ಪರೀಕ್ಷೆಯ ದಿನ ಬೆಳಿಗ್ಗೆ.

ಪರೀಕ್ಷೆಗೆ ಬಂದವರು ಗಿರಾಕಿಯ ಕಡೆಯ ದೇಸಾಯರು, ಧಾರವಾಡದವರು. ಅವರು ಒಪ್ಪಿದರೆ ವರ್ಷಪೂರ್ತಿ ಕೆಲಸ; ಇಲ್ಲವಾದರೆ ನನ್ನ ಯಂತ್ರಗಳಿಗೆ ರಜೆ. ಅವರು ಮುಚ್ಚಳ ಕೂರಿಸಿ ತಿರುಪು ಬಿಗಿದದ್ದೇ ತಡ, ಪರೀಕ್ಷಾ ಯಂತ್ರದ ತೆರೆಯ ಮೇಲೆ ತಣ್ಣಗೆ ಮಲಗಿದ್ದ ಗೆರೆ ಗೋಪುರದಂತೆ ಎದ್ದು ನಿಂತಿತು.

"ಇದೇನ್ರೀ, ನಾವು ಸಿಗ್ನಲ್ ಕೊಡೂಕಿಂತ ಮೊದ್ಲ ತಾನ ಹಾಡಾಕತ್ತೈತಿ!"

ಮುಚ್ಚಳ ತೆಗೆದರೆ ಮೌನ, ಹಾಕಿದರೆ ಗಾನ. ಹೊರಹೋಗಬೇಕಾದ ಅಲೆ ಮುಚ್ಚಳಕ್ಕೆ ಬಡಿದು, ಪಕ್ಕದಲ್ಲೇ ಇದ್ದ ಒಳಗೆರೆಗೆ ನುಗ್ಗುತ್ತಿತ್ತು. ನಾನು ಧೈರ್ಯ ಬಿಡಲಿಲ್ಲ.

"ಮುಚ್ಚಳ ಬಿಟ್ಟು ತಗೊಂಡ್ರ ಹೆಂಗ್ರಿ ಸರ್? ತೂಕಾನೂ ಕಡಿಮಿ."

"ಮಳಿ ಬಂದ್ರ ನೀವ ಬಂದು ಛತ್ರಿ ಹಿಡೀತೀರೇನ್ರಿ?" ಎಂದ ದೇಸಾಯರು ಕೊನೆಗೆ ಕರಗಿದರು. "ಇನ್ನೊಂದು ನಮೂನಿ ತೋರಸ್ರಿ. ಅದ ಕಡೀದು, ನೋಡ್ರಿ."

ಸುಮಾಳನ್ನು ಕರೆದು, "ಈ ಸಲ ಎಷ್ಟು ಬೇಕವ್ವ?" ಎಂದೆ.

"ಹನ್ನೆರಡು" ಎಂದಳು, ಕಣ್ಣು ಕೂಡ ಮಿಟುಕಿಸದೆ.

ಸೋತವನು ನಾನು, ಸೋತದ್ದು ನನ್ನ ನಾಲಿಗೆಯಲ್ಲವಲ್ಲ! ಎರಡು ಚಹಾ ಮುಗಿಯುವಷ್ಟರಲ್ಲಿ ಒಂದೊಂದೇ ಕಿತ್ತುಕೊಂಡು ಆರಕ್ಕೆ ತಂದು ನಿಲ್ಲಿಸಿದೆ. ಆಕೆ ದೊಡ್ಡ ಉಸಿರು ಬಿಟ್ಟು, "ನಿಮ್ಮ ಮುಂದ ಯಾರು ಗೆದ್ದಾರ್ರಿ ಕಾಕಾ" ಎಂದಳು. ಆ ದಿನ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಹೊಸ ಡಬ್ಬಿ ಮುಚ್ಚಳ ಹಾಕಿಸಿಕೊಂಡೂ ಸಭ್ಯವಾಗಿ ಕೂತಿತು. ದೇಸಾಯರು ಒಪ್ಪಿಗೆ ಕೊಟ್ಟರು. ಖುಷಿಯಲ್ಲಿ ನಾನು, "ಹುಡುಗಿ ಹನ್ನೆರಡು ಕೇಳಿದ್ಲರಿ, ನಾ ಬಗ್ಗಲಿಲ್ಲ, ಆರರಾಗ ಮುಗಿಸಿದೆ" ಎಂದೆ. ದೇಸಾಯರು ಸುಮಾಳ ಕಡೆ ನೋಡಿದರು. ಆಕೆ ಆಗಲೇ ಬಿಗಿಯಾಗಿದ್ದ ತಿರುಪನ್ನು ಬಹಳ ಶ್ರದ್ಧೆಯಿಂದ ಮತ್ತೆ ಬಿಗಿಯುತ್ತಿದ್ದಳು.

ನನಗೆ ಆಗ ಅರ್ಥವಾಯಿತು. ಆದರೆ ಅರ್ಥವಾದದ್ದನ್ನು ತೋರಿಸಿಕೊಳ್ಳಲಿಲ್ಲ. ನಿಮಗೂ ಅದೇ ನನ್ನ ಸಲಹೆ. ತೋರಿಸಿಕೊಂಡರೆ ಮುಂದಿನ ಸಲ ಹದಿನೆಂಟು ಕೇಳುತ್ತಾಳೆ.